ಅಶ್ವಹೃದಯ ವಿದ್ಯೆ

ಹೈದರಾಬಾದಿನಲ್ಲಿ ವಾಸಿಸುವ ನಮಗೆ ಮಾಸಾಬ್ ಟ್ಯಾಂಕಿನ ಬಳಿಯ ‘ಫಸ್ಟ್ ಲ್ಯಾನ್ಸರ್’, ಅದರ ಆಸುಪಾಸಿನ ‘ಎ.ಸಿ. ಗಾರ್ಡ್ಸ್’ ಎಂಬ ಬಡಾವಣೆಗಳ ಹೆಸರು ಅಪರಿಚಿತವಲ್ಲ. ಆದರೆ ಆ ಹೆಸರುಗಳ ಅರ್ಥವೇನೆಂದು ವಿಚಾರಿಸಿದವರು ನಮ್ಮಲ್ಲಿ ಕಡಿಮೆ. ಲ್ಯಾನ್ಸರ್ ಎಂದರೆ ಭಲ್ಲೆಯನ್ನು ಹಿಡಿದ ಕುದುರೆ ಸವಾರ. ಕನ್ನಡದ ಹಳೆಯ ಮಾತಿನಲ್ಲಿ ರಾವುತ. ಎ.ಸಿ. ಗಾರ್ಡ್ಸ್ ಎಂಬುದು ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’ ಎಂಬುದರ ಸಂಕ್ಷೇಪ. ನಿಜಾಮರ ಸೇವೆಯಲ್ಲಿದ್ದ ಸಿದ್ದಿ ರಾವುತರ ಕಾವಲು ಪಡೆಯಿಂದ ಬಂದ ಹೆಸರು ಅದು. ಇಂದು ಆ ಬೀದಿಗಳಲ್ಲಿ ಕುದುರೆಯ ಹೇಷಾರವವಿಲ್ಲ. ಮಲಕಪೇಟೆಯ ಪಂದ್ಯದ ಮೈದಾನದಲ್ಲಿ, ಪೊಲೀಸರ ಅಶ್ವದಳದಲ್ಲಿ, ಸವಾರಿಯೂ ಶಿಕ್ಷಣದ ಒಂದು ಅಂಗವಾಗಿರುವ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ, ಇವೆಲ್ಲಕ್ಕಿಂತ ಹೆಚ್ಚಾಗಿ ಮದುವೆಯ ಮೆರವಣಿಗೆಗಳಲ್ಲಿ, ನಗರದ ಕುದುರೆಯು ಈಗ ಉಳಿದುಕೊಂಡಿದೆ.

ಬೆಳೆದ ಕುದುರೆಯೊಂದರ ತೂಕ ನಾಲ್ಕೈದು ನೂರು ಕಿಲೋಗ್ರಾಂ. ಅದರ ಬೆನ್ನ ಮೇಲೆ ಕುಳಿತ ಮನುಷ್ಯನ ತೂಕ ಅದಕ್ಕಿಂತ ಎಷ್ಟೋ ಕಡಿಮೆ. ಬಲದಿಂದಲೇ ತೀರ್ಮಾನವಾಗುವುದಾದರೆ ಸವಾರನು ಒಂದು ನಿಮಿಷವೂ ಜೀನಿನ ಮೇಲೆ ನಿಲ್ಲಲಾರನು. ಹಾಗಿದ್ದರೂ ಕುದುರೆಯು ಮನುಷ್ಯನ ಮಾತನ್ನು ಕೇಳುವುದೇಕೆ? ಹೆದರಿಕೆಯಿಂದ ಎಂದು ಕೆಲವರು ಹೇಳುವರು. ಹೆದರಿಕೆಯಿಂದಲೂ ಕೇಳಿಸಬಹುದು, ಅಲ್ಲವೆನ್ನುವಂತಿಲ್ಲ. ಆದರೆ ಹೆದರಿದ ಕುದುರೆಯು ತನ್ನ ಒಡೆಯನಿಗಿಂತ ಹೆಚ್ಚು ಭಯಂಕರವಾದ ವಸ್ತುವೊಂದು ಎದುರಾದೊಡನೆ ಒಡೆಯನನ್ನು ಮರೆತುಬಿಡುತ್ತದೆ. ಸವಾರನಿಗೆ ಅದರ ವಿಧೇಯತೆಯು ನಿಜವಾಗಿ ಬೇಕಾಗುವುದು ಅಂಥ ಗಳಿಗೆಯಲ್ಲಿಯೇ.

ನಮ್ಮ ಪೂರ್ವಿಕರು ಈ ವಿದ್ಯೆಗೆ ಇಟ್ಟ ಹೆಸರು ‘ಅಶ್ವಹೃದಯ’. ಮಹಾಭಾರತದ ನಳೋಪಾಖ್ಯಾನದಲ್ಲಿ ಈ ಮಾತು ಬರುತ್ತದೆ. ರಾಜ್ಯವನ್ನು ಕಳೆದುಕೊಂಡು ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನು, ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ತಲುಪಬೇಕೆಂದಾಗ ನೋಟಕ್ಕೆ ಬಡಕಲಾದ ಕುದುರೆಗಳನ್ನು ಆರಿಸಿದನು. ಋತುಪರ್ಣ ರಾಜನಿಗೆ ಸಂದೇಹ ಬಂದಿತು. ರಥವನ್ನೇರುವಾಗ ಆ ಕುದುರೆಗಳು ಮೊಣಕಾಲೂರಿ ಬಿದ್ದುವು. ಆಗ ನಳನು ಅವುಗಳನ್ನು ಹೊಡೆಯಲಿಲ್ಲ. ಸಮಾಧಾನಪಡಿಸಿ, ಕಡಿವಾಣವನ್ನು ಹಿಡಿದು ಎಬ್ಬಿಸಿ, ಬಳಿಕ ನಡೆಸಿದನು. ರಥವು ವಿದರ್ಭವನ್ನು ಸಮೀಪಿಸಿದಾಗ, ಮೊದಲೇ ಅಲ್ಲಿಗೆ ಕಳುಹಿಸಲ್ಪಟ್ಟಿದ್ದ ನಳನ ಹಳೆಯ ಕುದುರೆಗಳು ಆ ಸದ್ದನ್ನು ಕೇಳಿ, ಹಿಂದೆ ಒಡೆಯನು ಬಳಿಯಲ್ಲಿದ್ದಾಗ ಹೇಗೋ ಹಾಗೆ ಹರ್ಷಗೊಂಡುವಂತೆ. ದಮಯಂತಿಯೂ ಆ ಸದ್ದಿನಿಂದಲೇ ಗಂಡನನ್ನು ಊಹಿಸಿದಳೆಂಬುದು ಎಲ್ಲರೂ ಬಲ್ಲ ಕಥೆ. ಕುದುರೆಗಳ ಮಾತನ್ನು ಮಾತ್ರ ನಾವು ಮರೆಯುತ್ತೇವೆ. ಚಾವಟಿಯ ಕೌಶಲವನ್ನಲ್ಲ, ಕುದುರೆಯ ಹೃದಯವನ್ನು ತಿಳಿಯುವುದನ್ನೇ ವಿದ್ಯೆಯೆಂದು ಕರೆದ ಹೆಸರಿನಲ್ಲಿ ದೊಡ್ಡದೊಂದು ವಿಚಾರ ಅಡಗಿದೆ.

ಹಾಗಾದರೆ ಕುದುರೆಯ ಹೃದಯವೆಂಥದು? ಮೊದಲನೆಯದಾಗಿ, ಅದು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಕೋರೆಯಿಲ್ಲ. ಒದೆಯಬಲ್ಲದು, ಕಚ್ಚಬಲ್ಲದು, ನಿಜ. ಆದರೆ ಅದರ ಮೊದಲನೆಯ ರಕ್ಷಣೆ ಓಟ. ಹುಟ್ಟಿದ ಮರಿಯು ಒಂದೆರಡು ಗಂಟೆಗಳೊಳಗೆ ಎದ್ದು ನಿಲ್ಲುವುದು ಇದಕ್ಕಾಗಿಯೇ. ಮುಖದ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ತನ್ನ ಸುತ್ತಲೂ ಹೆಚ್ಚುಕಡಿಮೆ 350 ಅಂಶಗಳಷ್ಟು ನೋಡಬಲ್ಲದು. ಕಾಣದಿರುವುದು ಬಾಲದ ಹಿಂದಿನ ಕಿರಿದಾದ ಭಾಗ, ಮತ್ತು ಹಣೆಯ ಮುಂದೆಯೇ ಇರುವ ಸ್ವಲ್ಪ ಸ್ಥಳ. ಬೆಳಕಿನಿಂದ ಕತ್ತಲೆಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳುವುದಕ್ಕೆ ನಮಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಸಿಲಿನಲ್ಲಿ ನಿಂತ ಕುದುರೆ ಕತ್ತಲೆಯ ಲಾಯದೊಳಗೆ ಕಾಲಿಡಲು ಹಿಂದೆಗೆದರೆ ಅದನ್ನು ಹಟವೆಂದು ಕರೆಯುತ್ತೇವೆ. ಅದರ ಪಾಲಿಗೆ ಅದು ತಳ ಕಾಣದ ಬಾವಿ. ಕಿವಿಗಳು ಒಂದೊಂದೂ ಬೇರೆಬೇರೆ ದಿಕ್ಕಿಗೆ ತಿರುಗಬಲ್ಲವು. ಚರ್ಮವಂತೂ ಒಂದು ನೊಣ ಕುಳಿತರೂ ಅದುರುವಷ್ಟು ಸೂಕ್ಷ್ಮ. ನೊಣದ ಭಾರವನ್ನು ಅರಿಯುವ ಪ್ರಾಣಿಗೆ ಮಾತು ತಿಳಿಸಲು ದೊಣ್ಣೆ ಏಕೆ ಬೇಕೆಂಬುದನ್ನು ನೀವೇ ಯೋಚಿಸಿರಿ.

ಎರಡನೆಯದಾಗಿ, ಅದು ಹಿಂಡಿನ ಪ್ರಾಣಿ. ಒಂಟಿತನವೇ ಅದಕ್ಕೆ ಅಪಾಯ. ಪಕ್ಕದ ಕುದುರೆ ಶಾಂತವಾಗಿ ಮೇಯುತ್ತಿದ್ದರೆ ತಾನೂ ಮೇಯುವುದು. ಅದು ಕಿವಿ ನಿಮಿರಿಸಿದರೆ ತಾನೂ ನಿಮಿರಿಸುವುದು. ಮನುಷ್ಯನು ಆ ಹಿಂಡಿನಲ್ಲಿ ನಂಬಬಹುದಾದ ಒಬ್ಬನಾಗಿ ಸೇರಿದರೆ ಅವನ ನೆಮ್ಮದಿಯೂ ಕುದುರೆಗೆ ಅಂಟಿಕೊಳ್ಳುತ್ತದೆ. ಅವನ ಗಾಬರಿಯೂ ಅಷ್ಟೇ.

ಅಲೆಕ್ಸಾಂಡರನ ಬಾಲ್ಯದ ಕಥೆಯೊಂದನ್ನು ಗ್ರೀಕ್ ಚರಿತ್ರಕಾರನಾದ ಪ್ಲುಟಾರ್ಕನು ಹೇಳಿದ್ದಾನೆ. ಬುಸಿಫಾಲಸ್ ಎಂಬ ಕುದುರೆಯನ್ನು ಫಿಲಿಪ್ ದೊರೆಯ ಮುಂದೆ ತಂದಾಗ ಅದು ಯಾರನ್ನೂ ಬಳಿಗೆ ಸೇರಿಸಲಿಲ್ಲ. ದೊರೆಯು ಬೇಡವೆಂದು ಹೊರಟನು. ಬಾಲಕನಾದ ಅಲೆಕ್ಸಾಂಡರನು ನೋಡುತ್ತಿದ್ದು, ಆ ಕುದುರೆ ಬೆದರುತ್ತಿದ್ದುದು ತನ್ನ ಮುಂದೆ ಕುಣಿಯುತ್ತಿದ್ದ ತನ್ನ ನೆರಳಿಗೆ ಎಂಬುದನ್ನು ಗಮನಿಸಿದನು. ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದನು; ನೆರಳು ಹಿಂದೆ ಬಿದ್ದಿತು. ಮೈದಡವುತ್ತ ಸ್ವಲ್ಪ ದೂರ ಜೊತೆಯಲ್ಲಿ ನಡೆದು, ಬಳಿಕ ಹಗುರವಾಗಿ ಮೇಲೇರಿದನು. ಆ ಕುದುರೆಯೇ ಅವನನ್ನು ಹೊತ್ತುಕೊಂಡು ನಮ್ಮ ದೇಶದ ಗಡಿಯವರೆಗೂ ಬಂದು, ಕ್ರಿ.ಪೂ. 326ರಲ್ಲಿ ಝೇಲಂ ನದಿಯ ಬಳಿ ತೀರಿಕೊಂಡಿತು. ಈ ಕಥೆಯಲ್ಲಿ ವೀರತನವನ್ನು ಕಾಣುವವರು ಬಹಳ. ನನಗೆ ಮೆಚ್ಚಿಕೆಯಾಗುವುದು ಮೇಲೇರಿದುದಲ್ಲ, ಅದಕ್ಕೆ ಮುಂಚೆ ಸುಮ್ಮನೆ ನಿಂತು ನೋಡಿದುದು.

ಸುಮ್ಮನೆ ನಿಂತು ನೋಡುವಷ್ಟು ವ್ಯವಧಾನವಿಲ್ಲದವರು ಕಂಡುಕೊಂಡ ದಾರಿಯೂ ಒಂದಿದೆ. ಅನೇಕ ದೇಶಗಳಲ್ಲಿ ಎಳೆಯ ಕುದುರೆಯನ್ನು ಹಗ್ಗಗಳಿಂದ ಕಟ್ಟಿ, ನೆಲಕ್ಕೆ ಕೆಡವಿ, ಅದು ಒದ್ದಾಡಿ ದಣಿದು ಸೋಲುವವರೆಗೂ ಕಾಡಿ, ಪಳಗಿತೆಂದು ಹೇಳುತ್ತಿದ್ದರು. ಹೀಗೆ ಸೋತ ಕುದುರೆ ಕೆಲವು ಸಲ ಆಶ್ಚರ್ಯಪಡುವಷ್ಟು ಸಾಧುವಾಗಿ ಕಾಣುತ್ತದೆ. ಆದರೆ ಅದು ಕಲಿತಿಲ್ಲ. ತಾನು ಏನು ಮಾಡಿದರೂ ಪ್ರಯೋಜನವಿಲ್ಲವೆಂದು ಕೈಚೆಲ್ಲಿದೆ. 1858ರಲ್ಲಿ ಅಮೆರಿಕದ ಜಾನ್ ರೇರಿ ಎಂಬಾತನು ಇಂಗ್ಲೆಂಡಿಗೆ ಬಂದು, ಯಾರೂ ಹತ್ತಿರ ಸುಳಿಯಲಾರದೆ ಬಾಯಿಗೆ ಕಬ್ಬಿಣದ ಮುಕ್ಕೆ ಹಾಕಿದ್ದ ಕ್ರೂಸರ್ ಎಂಬ ಗಂಡು ಕುದುರೆಯನ್ನು ಪಳಗಿಸಿ ಲೋಕಪ್ರಸಿದ್ಧನಾದನು. ಆತನು ಹೊಡೆಯುತ್ತಿರಲಿಲ್ಲ, ಮೃದುವಾಗಿ ಮಾತನಾಡುತ್ತಿದ್ದನು. ಆದರೆ ಮುಂಗಾಲೊಂದನ್ನು ಪಟ್ಟಿಯಿಂದ ಮಡಿಸಿ ಕಟ್ಟಿ, ಕುದುರೆ ತಾನಾಗಿ ಮಲಗುವಂತೆ ಮಾಡಿ, ಬಳಿಕ ಮೈದಡವುತ್ತಿದ್ದನು. ಅವನ ಕಾಲಕ್ಕೆ ಅದು ದೊಡ್ಡ ದಯೆಯೇ ಸರಿ. ಓಡುವುದೇ ರಕ್ಷಣೆಯಾಗಿರುವ ಪ್ರಾಣಿಯ ಕಾಲನ್ನು ಕಟ್ಟಿದ ಮೇಲೆ ಹೇಳಿದ ಸವಿಮಾತು ಎಷ್ಟರ ಮಟ್ಟಿಗೆ ಸವಿಯೆಂಬುದು ಮಾತ್ರ ವಿಚಾರಾರ್ಹ.

ಈಗ ಸೌಮ್ಯವಾದ ಕ್ರಮವನ್ನು ನೋಡೋಣ. ಅದರ ತಿರುಳು ಇಷ್ಟು: ಎಳೆಯುವುದರಿಂದ ಕುದುರೆ ಕಲಿಯುವುದಿಲ್ಲ, ಎಳೆತವನ್ನು ಬಿಡುವುದರಿಂದ ಕಲಿಯುತ್ತದೆ. ಮೊದಲ ಬಾರಿಗೆ ಹಗ್ಗ ಹಾಕಿಸಿಕೊಂಡ ಮರಿಯನ್ನು ಮುಂದಕ್ಕೆ ಜಗ್ಗಿದರೆ ಅದು ಸಹಜವಾಗಿಯೇ ಹಿಂದಕ್ಕೆ ಜಗ್ಗುತ್ತದೆ. ಆಗ ಇನ್ನಷ್ಟು ಬಲವಾಗಿ ಎಳೆದರೆ ಹಗ್ಗಜಗ್ಗಾಟವಾಗುವುದೇ ಹೊರತು ಪಾಠವಾಗದು. ಬಲ್ಲವನು ಹಗ್ಗವನ್ನು ಸ್ವಲ್ಪವೇ ಬಿಗಿಮಾಡಿ, ಹೆಚ್ಚಿಸದೆ, ಸಡಿಲಿಸದೆ, ಕಾದು ನಿಲ್ಲುತ್ತಾನೆ. ಮರಿಯು ತಲೆಯನ್ನು ಅತ್ತಿತ್ತ ಆಡಿಸುತ್ತದೆ, ಹಿಂದೆ ಸರಿದು ನೋಡುತ್ತದೆ, ಕೊನೆಗೊಮ್ಮೆ ಮೈಭಾರವನ್ನು ಮುಂದಕ್ಕೆ ವಾಲಿಸುತ್ತದೆ. ಕಾಲು ಎತ್ತುವುದೂ ಬೇಡ, ವಾಲಿದರೆ ಸಾಕು. ಆ ಕ್ಷಣದಲ್ಲಿಯೇ ಹಗ್ಗ ಸಡಿಲವಾಗಬೇಕು. ‘ನಾನು ಹೀಗೆ ಮಾಡಿದೆ, ಬಿಗಿ ಹೋಯಿತು’ ಎಂದು ಅದರ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಎರಡು ಮೂರು ಕ್ಷಣ ತಡವಾದರೂ, ಆ ವೇಳೆಗೆ ಅದು ಮಾಡುತ್ತಿದ್ದ ಬೇರೆ ಏನನ್ನೋ ಕಲಿತುಬಿಡುತ್ತದೆ. ಆದಕಾರಣ ಕಲಿಸುವವನಿಗೆ ತೋಳಿನ ಬಲಕ್ಕಿಂತ ಕಣ್ಣಿನ ಎಚ್ಚರ ಮುಖ್ಯ.

ಮುಂದಿನ ಹೆಜ್ಜೆಗಳೆಲ್ಲ ಇದರ ವಿಸ್ತಾರವೇ. ಮೈಯನ್ನೆಲ್ಲ ತಡವಿ ಕೈಯ ಪರಿಚಯ ಮಾಡಿಸುವುದು; ಲಾಳ ಹೊಡೆಸುವುದಕ್ಕೆ ಅನುವಾಗುವಂತೆ ಒಂದೊಂದೇ ಕಾಲನ್ನು ಎತ್ತಲು ಕಲಿಸುವುದು; ಉದ್ದನೆಯ ಹಗ್ಗದಲ್ಲಿ ಸುತ್ತು ನಡೆಸಿ ‘ನಡೆ’, ‘ನಿಲ್ಲು’ ಎಂಬ ಮಾತುಗಳನ್ನು ಪರಿಚಯಿಸುವುದು; ಬೆನ್ನಿನ ಮೇಲೆ ಮೊದಲು ಒಂದು ಬಟ್ಟೆ, ಆ ಮೇಲೆ ಬರಿಯ ಜೀನು, ಆ ಮೇಲೆ ಬಿಗಿದ ಜೀನು, ಕಟ್ಟಕಡೆಗೆ ಮನುಷ್ಯ. ಪ್ರತಿಯೊಂದು ಹಂತದಲ್ಲಿಯೂ ಕುದುರೆಯು ಉಸಿರು ಬಿಟ್ಟು, ತಲೆ ತಗ್ಗಿಸಿ, ಬಾಯಿ ಚಪ್ಪರಿಸಿ ಹಗುರಾಗುವವರೆಗೂ ಮುಂದಕ್ಕೆ ಹೋಗಕೂಡದು. ಸರಿಯಾಗಿ ಮಾಡಿದುದಕ್ಕೆ ಒಂದು ಹಿಡಿ ಹುರುಳಿಯನ್ನೋ ಗಜ್ಜರಿಯ ತುಂಡನ್ನೋ ಕೊಡುವುದುಂಟು. ಹೆಗಲಿನ ಮೇಲಣ ಜೂಲಿನ ಬುಡವನ್ನು ಕೆರೆಯುವುದೂ ಅಷ್ಟೇ ಪ್ರಿಯ, ಏಕೆಂದರೆ ಹಿಂಡಿನಲ್ಲಿ ಕುದುರೆಗಳು ಸ್ನೇಹಕ್ಕಾಗಿ ಪರಸ್ಪರ ಅಲ್ಲಿಯೇ ಕೆರೆದುಕೊಳ್ಳುತ್ತವೆ. ಪಾಠವು ಸ್ವಲ್ಪ ಹೊತ್ತಿನದಾಗಿರಬೇಕು. ಕುದುರೆಗೆ ಸಾಧ್ಯವಾದ ಕೆಲಸದಲ್ಲಿಯೇ ಮುಗಿಯಬೇಕು. ನಮ್ಮ ಭಾಷೆಯಲ್ಲಿ ಒಂದು ವಸ್ತು ನೆಲೆಗೊಂಡು ಸರಿಯಾಯಿತೆಂಬುದಕ್ಕೆ ‘ಕುದುರಿತು’ ಎನ್ನುತ್ತೇವೆ. ಕುದುರೆ ಎಂಬ ಪದಕ್ಕೂ ಇದಕ್ಕೂ ಸಂಬಂಧವುಂಟೆಂದು ನಾನು ವಾದಿಸುತ್ತಿಲ್ಲ. ಆದರೂ ಕುದುರೆಯು ಕುದುರುವುದೆಂದರೆ ಹೀಗೆ ಎಂದು ಹೇಳಲು ಕಿವಿಗೆ ಹಿತವಾಗಿದೆ.

ಹೊಡೆತದಿಂದಾಗುವ ಕೇಡು ಇಲ್ಲಿಂದಲೇ ಸ್ಪಷ್ಟವಾಗುತ್ತದೆ. ದಾರಿಯಲ್ಲಿ ಹಾರಿಬಂದ ಕಾಗದವೊಂದಕ್ಕೆ ಕುದುರೆ ಬೆದರಿತೆನ್ನಿ. ಸವಾರನು ಚಾವಟಿಯಿಂದ ಬಾರಿಸಿದನು. ಕಾಗದ ಬಂದಾಗ ನೋವೂ ಬಂದಿತು ಎಂಬುದಷ್ಟೇ ಅದಕ್ಕೆ ತಿಳಿದುದು. ನಾಳೆ ಕಾಗದವನ್ನು ಕಂಡರೆ ಅದು ಎರಡು ಪಾಲು ಬೆದರುವುದು. ಆಗ ಸವಾರನು ನಾಲ್ಕು ಪಾಲು ಹೊಡೆಯುವನು. ಕುದುರೆಗೆ ಜ್ಞಾಪಕಶಕ್ತಿ ಬಹಳ ಹೆಚ್ಚು; ಹಿತವನ್ನೂ ವರ್ಷಗಟ್ಟಲೆ ಮರೆಯದು, ನೋವನ್ನೂ ಮರೆಯದು. (ಬೆತ್ತದಿಂದ ಲೆಕ್ಕ ಕಲಿತವರಿಗೆ ಲೆಕ್ಕಕ್ಕಿಂತ ಬೆತ್ತವೇ ಹೆಚ್ಚು ನೆನಪಿರುತ್ತದೆಯೆಂದು ಹಿರಿಯರು ನಗುತ್ತ ಹೇಳುವುದುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗಳಲ್ಲಿ ಬೆತ್ತವನ್ನು ನಿಷೇಧಿಸಿರುವುದರಿಂದ ಇಂದಿನ ವಿದ್ಯಾರ್ಥಿಗಳಿಗೆ ಆ ಅನುಭವ ತಪ್ಪಿದೆ.)

ಕಡಿವಾಣದ ವಿಷಯವೂ ಹೀಗೆಯೇ. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಎಡೆಯಿದೆ. ಕಬ್ಬಿಣದ ಕಡಿವಾಣವು ಕೂರುವುದು ಅಲ್ಲಿ. ಆ ಭಾಗದಲ್ಲಿ ಮೂಳೆಯ ಮೇಲೆ ತೆಳುವಾದ ಪೊರೆಯೊಂದನ್ನು ಬಿಟ್ಟರೆ ಮೆತ್ತಗಿನದೇನೂ ಇಲ್ಲ. ಒಳ್ಳೆಯ ಸವಾರನ ಕೈಯಲ್ಲಿ ಲಗಾಮು ಒಂದು ಪಿಸುಮಾತು: ಬೆರಳು ಮುಚ್ಚಿದನು, ಕುದುರೆ ನಿಧಾನವಾಯಿತು, ಬೆರಳು ತೆರೆದನು. ಕುದುರೆ ನಿಂತ ಮೇಲೂ ಎಳೆಯುತ್ತಲೇ ಇರುವವನ ಕೈಯಲ್ಲಿ, ನಿಂತರೂ ನೋವು ತಪ್ಪದೆಂಬುದನ್ನು ಅದು ಕಲಿಯುತ್ತದೆ. ಬರಬರುತ್ತ ಬಾಯಿ ಗಡುಸಾಗುತ್ತದೆ. ಆಗ ಮೊದಲಿಗಿಂತ ಕ್ರೂರವಾದ ಕಡಿವಾಣವನ್ನು ತರುತ್ತಾರೆ. ತಪ್ಪು ಬಾಯಿಯದಲ್ಲ, ಕೈಯದು.

ಇವು ಹೊಸ ಕಾಲದ ಕಲ್ಪನೆಗಳೆಂದು ಭಾವಿಸಬೇಕಾಗಿಲ್ಲ. ಸುಮಾರು 3400 ವರ್ಷಗಳ ಹಿಂದೆ ಮಿತಾನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನು ಹೇಳಿಸಿ ಬರೆಸಿದ ಮಣ್ಣಿನ ಫಲಕಗಳು ಇಂದಿನ ಟರ್ಕಿಯಲ್ಲಿ ದೊರೆತಿವೆ. ರಥದ ಕುದುರೆಗಳಿಗೆ ದಿನದಿನವೂ ಎಷ್ಟು ನಡಿಗೆ, ಎಷ್ಟು ಓಟ, ಎಷ್ಟು ಮೇವು, ಯಾವಾಗ ಸ್ನಾನ, ಯಾವಾಗ ವಿಶ್ರಾಂತಿ ಎಂಬುದೆಲ್ಲ ಅದರಲ್ಲಿದೆ. ಸುತ್ತುಗಳನ್ನು ಎಣಿಸುವ ಅವನ ಪದಗಳು ನಮಗೆ ಪರಿಚಿತ: ಏಕ, ತ್ರಿ, ಪಂಚ, ಸಪ್ತ ಎಂಬ ಸಂಸ್ಕೃತ ಸಂಖ್ಯೆಗಳ ಹತ್ತಿರದ ಬಂಧುಗಳು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೋಫನ್ನನು ಕುದುರೆ ಸವಾರಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಸಿಟ್ಟಿನಿಂದ ಎಂದೂ ಕುದುರೆಯ ಬಳಿಗೆ ಹೋಗಬಾರದೆಂದೂ, ಬಲಾತ್ಕಾರದಿಂದ ಮಾಡಿಸಿದ ಕೆಲಸವು ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸಿದಷ್ಟೇ ಚೆಲುವೆಂದೂ ವಾದಿಸಿದ್ದಾನೆ.

ನಮ್ಮ ನೆರೆಯಲ್ಲಿಯೇ ಇರುವ ಬಸವಕಲ್ಯಾಣವು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಊರು. ಆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಸವಾರಿಗೂ, ಕುದುರೆಯೇರಿ ಆಡುವ ಚೆಂಡಾಟಕ್ಕೂ ಒಂದು ಪ್ರಕರಣವೇ ಮೀಸಲಾಗಿದೆ. ಕನ್ನಡದಲ್ಲಿ ಅಭಿನವಚಂದ್ರನು ಸುಮಾರು ಆರು ನೂರು ವರ್ಷಗಳ ಹಿಂದೆಯೇ ಕುದುರೆಗಳ ವೈದ್ಯವನ್ನು ಕುರಿತು ಗ್ರಂಥ ಬರೆದನು. ಕುದುರೆಯನ್ನು ಅರಬಸ್ಥಾನದಿಂದ ಹಡಗಿನಲ್ಲಿ ತರಿಸಿ ದುಬಾರಿ ಬೆಲೆ ತೆರುತ್ತಿದ್ದ ನಾಡಿಗೆ ಅದರ ಆರೈಕೆ ರಾಜಕಾರ್ಯವೇ ಆಗಿತ್ತು.

ಭಯವನ್ನು ಬಿಡಿಸುವ ಪಾಠವೊಂದನ್ನು ಪ್ರತಿವರ್ಷವೂ ಮೈಸೂರಿನಲ್ಲಿ ನೋಡಬಹುದು. ವಿಜಯದಶಮಿಯ ದಿನ ಅರಮನೆಯ ಬಳಿ 21 ಕುಶಾಲತೋಪುಗಳನ್ನು ಹಾರಿಸುತ್ತಾರೆ. ಅಂದು ಜಂಬೂಸವಾರಿಯ ಆನೆಗಳೂ ಅಶ್ವಾರೋಹಿ ದಳದ ಕುದುರೆಗಳೂ ಜನಸಾಗರದ ನಡುವೆ ಬೆದರದೆ ನಿಲ್ಲಬೇಕು. ಆದುದರಿಂದ ಹಬ್ಬಕ್ಕೆ ಮುಂಚಿನ ದಿನಗಳಲ್ಲಿಯೇ ಅವುಗಳನ್ನು ಕರೆತಂದು ಫಿರಂಗಿಯ ಸದ್ದಿಗೆ ಒಗ್ಗಿಸುವ ತಾಲೀಮು ನಡೆಯುತ್ತದೆ. ಒಗ್ಗಿಸುವುದರ ಸೂತ್ರವನ್ನು ತಿಳಿದಿರುವುದು ಒಳ್ಳೆಯದು: ಸದ್ದು ಮೊದಲು ದೂರದಲ್ಲಿರಬೇಕು, ಅನುಭವವುಳ್ಳ ಸಂಗಾತಿ ಪಕ್ಕದಲ್ಲಿರಬೇಕು, ಹೊಸ ಪ್ರಾಣಿಯು ಗಾಬರಿಯ ಅಂಚನ್ನು ದಾಟುವ ಮುಂಚೆಯೇ ನಿಲ್ಲಿಸಬೇಕು, ಮರುದಿನ ಸ್ವಲ್ಪ ಹತ್ತಿರ ಬರಬೇಕು. ಒಂದೇ ದಿನ ಕಿವಿಯ ಬಳಿಯಲ್ಲಿ ಹತ್ತು ಫಿರಂಗಿ ಹಾರಿಸಿದರೆ ಭಯ ಹೋಗದು, ಬೇರೂರುತ್ತದೆ.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮುಂದೆ ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಯಂತ್ರಬಂದೂಕುಗಳ ಎದುರಿಗೇ ಕುದುರೆಗಳನ್ನು ಓಡಿಸಿ ಊರನ್ನು ಗೆದ್ದುಕೊಂಡರು. ಅದೇ ದಳಕ್ಕೆ ನಮ್ಮ ಹೈದರಾಬಾದಿನ ಲ್ಯಾನ್ಸರುಗಳೂ ಸೇರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ರಾವುತರ ನೆನಪಿಗೆ ನಿಂತವು. ರಾವುತರು ಆ ಯುದ್ಧಕ್ಕೆ ತಿಳಿದು ಹೋಗಿದ್ದರು. ಕುದುರೆಗಳು ಅವರನ್ನು ನಂಬಿ ಹೋದುವು. ಅಂಥ ನಂಬಿಕೆಯನ್ನು ಗುಂಡಿನ ಬಾಯಿಗೆ ಒಯ್ಯುವುದು ನ್ಯಾಯವೇ ಎಂಬ ಪ್ರಶ್ನೆಗೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ.

ಕುದುರೆಯು ಮನುಷ್ಯನನ್ನು ಎಷ್ಟು ಸೂಕ್ಷ್ಮವಾಗಿ ಓದಬಲ್ಲದೆಂಬುದಕ್ಕೆ ಬರ್ಲಿನ್ ನಗರದ ಹಾನ್ಸ್ ಎಂಬ ಕುದುರೆ ಸಾಕ್ಷಿ. ಅದರ ಒಡೆಯ ಫಾನ್ ಓಸ್ಟನ್ ಎಂಬ ಉಪಾಧ್ಯಾಯನು. ಅವನು ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಸರಿಯಾದ ಉತ್ತರ ಕೊಡುತ್ತಿತ್ತು. ಜನ ಬೆರಗಾದರು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಎಂಬ ವಿಜ್ಞಾನಿಯು ಪರೀಕ್ಷಿಸಿ ನೋಡಿದಾಗ, ಪ್ರಶ್ನೆ ಕೇಳಿದವನಿಗೇ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ! ಸರಿಯಾದ ಎಣಿಕೆ ಬಂದಾಗ ಕೇಳಿದವನ ತಲೆಯು ಅವನಿಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಕುದುರೆಗೆ ಗಣಿತ ಬಾರದೆಂದು ಪತ್ರಿಕೆಗಳು ನಕ್ಕವಂತೆ. ಗಣಿತಕ್ಕಿಂತ ಕಷ್ಟವಾದ ವಿದ್ಯೆಯೊಂದು ಅದಕ್ಕೆ ಬರುತ್ತಿತ್ತೆಂದು ನನಗೆ ತೋರುತ್ತದೆ.

ಅವಸರವೂ ಕ್ರೌರ್ಯದ ಒಂದು ರೂಪವೇ. ಕುದುರೆಯ ಬೆನ್ನೆಲುಬು ಪೂರ್ಣವಾಗಿ ಬಲಿಯಲು ಐದಾರು ವರ್ಷಗಳು ಬೇಕು. ಓಟದ ಕುದುರೆಗಳ ಬೆನ್ನಿಗಾದರೋ ಎರಡು ವರ್ಷ ತುಂಬುವ ಹೊತ್ತಿಗೇ ಜೀನು ಬೀಳುವುದು ಲೋಕದೆಲ್ಲೆಡೆಯ ವಾಡಿಕೆ.

ಇನ್ನು ನಮ್ಮ ಬೀದಿಯ ಮದುವೆ ಮೆರವಣಿಗೆ. ವರನನ್ನು ಹೊತ್ತ ಬಿಳಿಯ ಕುದುರೆ, ಸುತ್ತಲೂ ಬ್ಯಾಂಡು, ಧ್ವನಿವರ್ಧಕ, ಕಣ್ಣು ಕೋರೈಸುವ ದೀಪಗಳು, ಕಾಲಬುಡದಲ್ಲಿ ಪಟಾಕಿ. ಇಷ್ಟರ ನಡುವೆ ಅದು ಕುಣಿದರೆ ಜನ ಚಪ್ಪಾಳೆ ತಟ್ಟುವರು. ಕುಣಿತವೆಂದು ತೋರುವ ಹೆಜ್ಜೆಯು ಅನೇಕ ವೇಳೆ, ಓಡಬೇಕೆಂಬ ಮೈಯನ್ನು ಬಾಯಿಯ ನೋವು ತಡೆಹಿಡಿದಾಗ ಉಂಟಾಗುವ ಚಡಪಡಿಕೆ. ಕಡಿವಾಣಕ್ಕೆ ಮುಳ್ಳುಗಳನ್ನು ಕೂಡಿಸುವ ದುಷ್ಟ ಪದ್ಧತಿಯೂ ದೇಶದಲ್ಲಿ ಉಂಟು. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ ಅಡಿಯಲ್ಲಿ 1965ರಲ್ಲಿ ಹೊರಡಿಸಿದ ನಿಯಮಗಳು ಅದನ್ನು ನಿಷೇಧಿಸಿವೆ. ಅದೇ ನಿಯಮಗಳ ಪ್ರಕಾರ ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಕೂಡದು. ಬಿಡುವಿಲ್ಲದೆ 5 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಕೂಡದು. ಉಷ್ಣತೆಯು 37 ಡಿಗ್ರಿಯನ್ನು ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇ ಕೂಡದು. ನಮ್ಮ ಊರಿನ ಏಪ್ರಿಲ್, ಮೇ ತಿಂಗಳುಗಳನ್ನು ಬಲ್ಲವರಿಗೆ ಈ ಕೊನೆಯ ಮಾತಿನ ಬೆಲೆ ತಿಳಿದೀತು. ಕುದುರೆಯ ಒಡೆಯನೂ ಬಹುಮಟ್ಟಿಗೆ ಬಡವನೇ. ಒಂದು ಋತುವಿನ ಮದುವೆಗಳಿಂದ ವರ್ಷದ ಹುಲ್ಲು ಹುರುಳಿ ಹೊರಡಬೇಕು. ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಮೆರವಣಿಗೆಯು ನಮ್ಮ ಮನೆಯದಾದಾಗ, ಕುದುರೆಯ ಬಳಿ ಪಟಾಕಿ ಬೇಡ, ಬ್ಯಾಂಡು ಹತ್ತು ಮಾರು ಮುಂದಿರಲಿ ಎಂದು ದೊಡ್ಡವರಿಗೆ ಹೇಳಲು ಮನೆಯ ಮಕ್ಕಳಿಗೆ ಏನೂ ಅಡ್ಡಿಯಿಲ್ಲ.

ಕುದುರೆಯ ಸ್ಥಿತಿಯನ್ನು ತಿಳಿಯಲು ಅದರ ಮುಖವನ್ನು ನೋಡಿರಿ. ಕಿವಿಗಳು ಸಡಿಲವಾಗಿ ಪಕ್ಕಕ್ಕೆ ವಾಲಿ, ಕೆಳದುಟಿ ಜೋತು, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ನಿಂತಿದ್ದರೆ ಅದು ನೆಮ್ಮದಿಯಿಂದಿದೆ. ಕಿವಿಗಳು ಹಿಂದಕ್ಕೆ ಅಂಟಿ, ಕಣ್ಣಿನ ಬಿಳುಪು ಕಂಡು, ಬಾಯಿ ತೆರೆದು, ಬಾಲ ಬೀಸುತ್ತಿದ್ದರೆ ದೂರ ನಿಲ್ಲಿರಿ. ಬಳಿಗೆ ಹೋಗಬೇಕೆಂದರೆ ಮೊದಲು ಒಡೆಯನನ್ನು ಕೇಳಿರಿ. ಹಿಂದಿನಿಂದಲೂ ಹೋಗಬಾರದು, ಹಣೆಗೆ ನೇರವಾಗಿಯೂ ಹೋಗಬಾರದು. ಎರಡೂ ಕಡೆ ಅದಕ್ಕೆ ಕಣ್ಣು ಕಾಣದು. ಎಡಹೆಗಲಿನ ಕಡೆಯಿಂದ, ಮೆಲ್ಲಗೆ ಮಾತನಾಡುತ್ತ, ಓಡದೆ, ಕೈ ಬೀಸದೆ ಹೋಗಿರಿ. ಎರಡು ಹೆಜ್ಜೆ ದೂರದಲ್ಲಿ ನಿಂತು, ಕೈಯ ಹಿಂಬದಿಯನ್ನು ತಗ್ಗಿಸಿ ಚಾಚಿ ಕಾಯಿರಿ. ಅದು ಮೂತಿಯನ್ನು ತಂದು ಮೂಸಿ ನೋಡಿದರೆ ಹೆಗಲನ್ನು ಮೆಲ್ಲಗೆ ಸವರಬಹುದು. ತಲೆಯನ್ನು ಅತ್ತ ತಿರುಗಿಸಿಕೊಂಡರೆ ಆ ಹೊತ್ತಿಗೆ ಅಷ್ಟೇ ಎಂದು ತಿಳಿದು, ಬಂದ ಹಾಗೆಯೇ ನಿಧಾನವಾಗಿ ಹಿಂದೆ ಸರಿಯಿರಿ.